ಅರ್ಧ ಪಾಠ

ಜನವರಿ 8, ಸೋಮವಾರ

ಮೊದಲ ಪೀರಿಯಡ್, ಹತ್ತನೇ ಕ್ಲಾಸಿನ ಹುಡುಗಿಯರು. ಇಸ್ಲಾಮಿಕ್ ಹೈಸ್ಕೂಲಿನಲ್ಲೂ ಧರ್ಮಪಾಠ ಅಂದರೆ ನಿದ್ದೆಯ ಪಾಠ ಎನ್ನುವವರಿದ್ದಾರೆ. ನನ್ನ ಕ್ಲಾಸಿಗೆ ಬಂದು ನೋಡಲಿ! ಇವತ್ತು ಗೀಬತ್ — ಬೆನ್ನ ಹಿಂದೆ ಆಡಿಕೊಳ್ಳುವ ಪಾಪ. ಕೊನೆಯ ಬೆಂಚಿನ ವಾಚಾಳಿಯೂ ಬಾಯಿ ಮುಚ್ಚಿ ಕೇಳಿದಳು. ಹೋಮ್‌ವರ್ಕ್: ಯಾರನ್ನು ಆಡಿಕೊಂಡಿದ್ದೀರೋ ಅವರ ಹತ್ತಿರವೇ ಹೋಗಿ ಮಾಫಿ ಕೇಳಿ. ಅಷ್ಟರಲ್ಲಿ ಬೆಲ್. ಅರ್ಧ ಪಾಠ ಉಳಿಯಿತು. ಇರಲಿ, ಆಮೇಲೆ ನೋಡಿದರಾಯಿತು.

ಜನವರಿ 9

ನನ್ನ ಮಕ್ಕಳು ಚಿನ್ನ! ಊಟದ ಬಿಡುವಿನಲ್ಲಿ ಸ್ಟಾಫ್‌ರೂಮಿನ ಬಾಗಿಲಲ್ಲಿ ಸಾಲು. ಎಲ್ಲರೂ ಗಣಿತದ ಮೇಷ್ಟ್ರ ಹತ್ತಿರ.

"ಮಾಫ್ ಮಾಡಿ ಸಾರ್, ನಿಮ್ಮ ವಿಗ್ ನೋಡಿ ನಕ್ಕಿದ್ವಿ."

"ನಾನೂ ಸಾರ್. ವಿಗ್‌ಗೇ."

"ಅವತ್ತು ಗಾಳಿ ಬಂತಲ್ಲ ಸಾರ್…"

ವಿಗ್ ವಿಷಯ ಇಡೀ ಶಾಲೆಗೆ ಗೊತ್ತು. ಗೊತ್ತಿದೆ ಎಂಬುದು ಅವರೊಬ್ಬರಿಗೇ ಗೊತ್ತಿರಲಿಲ್ಲ, ಪಾಪ. ತಲೆಯ ಮೇಲೆ ಕೈಯಿಟ್ಟು ಕೂತುಬಿಟ್ಟರು. ನನಗೆ ನಗು — ಕೆಮ್ಮಿ ತಡೆದೆ.

ನನ್ನ ಹತ್ತಿರ ಒಬ್ಬಳೂ ಬರಲಿಲ್ಲ. ಟೀಚರ್ ಅಂದರೆ ಹಾಗಿರಬೇಕು.

ಜನವರಿ 13

ಮೇಷ್ಟ್ರು ಅವತ್ತಿನಿಂದ ಬಂದಿಲ್ಲ. ಇವತ್ತು ರಾಜೀನಾಮೆ ಬಂತು. ಪರೀಕ್ಷೆ ಹತ್ತಿರದಲ್ಲಿದೆ. ಹೆಡ್ಮಾಸ್ಟರು ಕೂಗಾಡಿದರು: "ಸುಮ್ನಿದ್ದಿದ್ದನ್ನ ಕೆರೆದು ಹುಣ್ಣು ಮಾಡಿದ್ರಿ. ಕರ್ಕೊಂಡು ಬರೋದೂ ನೀವೇ. ಇಲ್ಲಾಂದ್ರೆ ಗಣಿತಾನೂ ನೀವೇ ತಗೊಳ್ಳಿ!" ನನಗೆ ಹದಿನೇಳರ ಮಗ್ಗಿಯೇ ಬರುವುದಿಲ್ಲ.

ಗೀಬತ್ ಪಾಠದ ಪುಸ್ತಕ ತೆಗೆದೆ. ಉಳಿದರ್ಧದಲ್ಲಿ ಇದೆ — ಅವರಿಗೆ ಗೊತ್ತಿಲ್ಲದಿದ್ದರೆ ಹೇಳಿ ನೋಯಿಸಬೇಡಿ. ಅವರಿಗಾಗಿ ಪ್ರಾರ್ಥಿಸಿ, ಆಡಿಕೊಂಡ ಜಾಗದಲ್ಲೇ ಅವರ ಒಳ್ಳೆಯದನ್ನು ಹೇಳಿ. ಛೇ! ಇದೇನು ನನಗೆ ಗೊತ್ತಿಲ್ಲದ್ದೇ? ನಾಚಿಕೆಯಾಯಿತು.

ಜನವರಿ 14, ಸಂಜೆ

ಯಜಮಾನರ ಜೊತೆ ಮೇಷ್ಟ್ರ ಮನೆಗೆ. ವಿಗ್ ಬಿಟ್ಟು ಟೋಪಿ ಹಾಕಿಕೊಂಡು ಕೂತಿದ್ದರು.

"ತಪ್ಪು ನಂದು ಸಾರ್. ಅರ್ಧ ಪಾಠ ಮಾಡಿ ಕಳಿಸ್ಬಿಟ್ಟೆ."

"ಮಕ್ಕಳ ಮೇಲೆ ಸಿಟ್ಟಿಲ್ಲಮ್ಮ. ಎದುರಿಗೆ ನಿಂತು ಹೇಳಿದ್ರು. ನಿಮ್ಮ ಹತ್ರ ಎಷ್ಟು ಜನ ಬಂದ್ರು?"

"ಒಬ್ಬರೂ ಇಲ್ಲ." ಹೆಮ್ಮೆಯಿಂದಲೇ ಹೇಳಿದೆ.

"ನಿಮ್ಮನ್ನ ಕಂಡ್ರೆ ಹೆದರಿಕೆ ಅವಕ್ಕೆ. ನೀವೂ ಒಂದ್ಸಲ ಕೂತು ಕೇಳಿಸ್ಕೊಳ್ಳಿ. ಆಮೇಲೆ ನಾನು ಬರ್ತೀನಿ."

ದಾರಿಯುದ್ದಕ್ಕೂ ಯಜಮಾನರು ಒಳಗೊಳಗೇ ನಗುತ್ತಿದ್ದರು. "ನಿಮಗೂ ಏನಾದ್ರೂ ಹೇಳೋದಿದೆಯಾ?" ಎಂದೆ.

"ನನಗೆ ಹೋಮ್‌ವರ್ಕ್ ಕೊಟ್ಟಿಲ್ವಲ್ಲ" ಎಂದರು.

ಜನವರಿ 15

ಉಳಿದರ್ಧವನ್ನು ಮೊದಲು ಓದಿಬಿಟ್ಟರೆ ಯಾರೂ ಬಾಯಿ ಬಿಡುವುದಿಲ್ಲ, ನಾನು ಪಾರು. ಓದಲಿಲ್ಲ. ಪುಸ್ತಕ ಮುಚ್ಚಿದೆ.

"ನನ್ನನ್ನ ಆಡ್ಕೊಂಡಿರೋರು ಎದ್ದು ನಿಲ್ಲಿ. ಬೈಯಲ್ಲ."

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮೊದಲ ಬೆಂಚಿನ ಲೀಡರ್ — ನನ್ನ ಮುದ್ದಿನವಳು! — ಎದ್ದಳು. ಹಿಂದೆ ಬೆಂಚುಗಳು ಕಿರುಗುಟ್ಟಿದವು. ನೋಡಿದರೆ, ಇಡೀ ಕ್ಲಾಸೇ ನಿಂತಿದೆ. ಬಾಗಿಲಲ್ಲಿ ಗಣಿತದ ಮೇಷ್ಟ್ರು, ಕೈಯಲ್ಲಿ ಚಾಕ್‌ಪೀಸ್ ಡಬ್ಬ.

ಕುರ್ಚಿ ಎಳೆದು ಕೂತೆ. "ಸಾಲಾಗಿ ಬನ್ನಿ. ಮೊದಲು ನೀನು ಹೇಳಮ್ಮ."

ಅವಳು ಹೇಳಿದ್ದು — ಇರಲಿ, ಆಮೇಲೆ ಬರೆದರಾಯಿತು.