ಜಂಬಕ್ಕನ ಗಡ್ಡೆ ಯಾವ ಔಷಧಕ್ಕೆ ಸತ್ತಿತು?

ಕ್ಯಾನ್ಸರ್ ಔಷಧ ಪರೀಕ್ಷಾ ಯೋಜನೆಯ ಮಾನ್ಯ ನಿರ್ದೇಶಕರೇ,

ನನ್ನ ಅಕ್ಕನ ಹೊಟ್ಟೆಯಿಂದ ತೆಗೆದ ಗಡ್ಡೆಯ ಒಂದು ಚೂರನ್ನು ನಿಮ್ಮ ಪ್ರಯೋಗಾಲಯದಲ್ಲಿ ಬೆಳೆಸಿದ್ದೀರಿ. ಅದರ ಮೇಲೆ ಒಂಬತ್ತು ಔಷಧಗಳನ್ನು ಹಾಕಿ ನೋಡಿದ್ದೀರಿ. ಯಾವುದಕ್ಕೆ ಅದು ಸತ್ತಿತು, ಯಾವುದಕ್ಕೆ ಜಗ್ಗಲಿಲ್ಲ ಎಂಬುದು ಫೆಬ್ರುವರಿ ಹದಿನೇಳರಿಂದಲೇ ನಿಮಗೆ ಗೊತ್ತು. ಇವತ್ತಿಗೂ ಗೊತ್ತಿಲ್ಲದವರು ಇಬ್ಬರು: ಅಕ್ಕನಿಗೆ ಚಿಕಿತ್ಸೆ ಕೊಡುತ್ತಿರುವ ವೈದ್ಯರು ಮತ್ತು ಆ ಗಡ್ಡೆಯನ್ನು ಹೊತ್ತಿದ್ದ ಅಕ್ಕ. ಇಷ್ಟು ಅಚ್ಚುಕಟ್ಟಾಗಿ ಗುಟ್ಟು ಕಾಯುವ ಕಚೇರಿಯನ್ನು ನಾನು ಕಂಡಿಲ್ಲ.

ಅಕ್ಕನ ಹೆಸರು ಜಂಬಕ್ಕ. ವಯಸ್ಸು ಅರವತ್ತೊಂಬತ್ತು. ಕಮಲಾಪುರದಲ್ಲಿ ಎರಡು ಎಕರೆ ಬಾಳೆ ತೋಟ. ಸಂಕ್ರಾಂತಿ ಕಳೆದ ವಾರ ದೊಡ್ಡ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಯಿತು. ಅದರ ಹಿಂದಿನ ದಿನ ನಿಮ್ಮ ಯೋಜನೆಯ ಪಲ್ಲವಿ ಎಂಬ ಹುಡುಗಿ ವಾರ್ಡಿಗೆ ಬಂದು ಒಂದು ಕರಪತ್ರ ಕೊಟ್ಟಳು. ‘ಪ್ರತಿ ರೋಗಿಗೂ ಅವರದೇ ಔಷಧ’ ಎಂದು ದಪ್ಪ ಕನ್ನಡ ಅಕ್ಷರಗಳಲ್ಲಿ ಅಚ್ಚಾಗಿತ್ತು. ಸಹಿ ಹಾಕಬೇಕಾದ ಎಂಟು ಪುಟಗಳು ಮಾತ್ರ ಇಂಗ್ಲಿಷಿನಲ್ಲಿದ್ದವು. ಆಸೆ ಕನ್ನಡದಲ್ಲಿ, ಷರತ್ತು ಇಂಗ್ಲಿಷಿನಲ್ಲಿ. ಯಾರ ಬುದ್ಧಿ ಸ್ವಾಮಿ ಇದು?

“ತೆಗಿಯೋದು ತೆಗದು ಮತ್ಯಾಕ ಬೆಳಸ್ತಾರೋ ಈ ಹಾಳು ಗಡ್ಡಿನ?” ಎಂದು ಅಕ್ಕ ನನ್ನನ್ನು ಕೇಳಿದಳು.

ಮೂವತ್ತೆರಡು ವರ್ಷ ವಿಜ್ಞಾನ ಪಾಠ ಹೇಳಿದವನು ನಾನು, ವಿವರಿಸುವ ಚಟ ಬಿಟ್ಟಿಲ್ಲ. “ನಿನ್ನ ತ್ವಾಟಕ್ಕ ಲ್ಯಾಬಿನಾಗ ಚೂರಿನಿಂದ ಬೆಳಸಿದ ಬಾಳಿ ಸಸಿ ತರ್ತೀಯಲ್ಲ, ಹಂಗಬೇ. ಚೂರಿನಿಂದ ಎಳ್ಳಿಗಿಂತ ಸಣ್ಣ ಸಣ್ಣ ಉಂಡಿ ಬೆಳಸ್ತಾರ. ಒಂದೊಂದಕ್ಕ ಒಂದೊಂದು ಔಷಧ ಹಾಕಿ ನೋಡ್ತಾರ. ಯಾವುದಕ್ಕ ಸಾಯ್ತೈತೋ ಅದನ್ನ ನಿನಗ ಕೊಡ್ತಾರ.”

“ಒಂದು ಸಾಲಿಗೆ ಎಣ್ಣಿ ಹೊಡದು ನೋಡಿದಂಗ ಅನ್ನು. ಇಷ್ಟಕ್ಕ ಇಷ್ಟುದ್ದ ಮಾತಾಡ್ತೀಯೇನ್ಲೇ?” ಎಂದು ಅಕ್ಕ ನಕ್ಕಳು. ಪಲ್ಲವಿಯೂ ನಕ್ಕಳು. ಅಕ್ಕ ಸಹಿ ಹಾಕಿದಳು.

ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣಿ ಎನ್ನುತ್ತಾರೆ. ಹೊಸ ಎಣ್ಣಿಯನ್ನು ಇಲ್ಲಿ ಯಾರೂ ತೋಟಕ್ಕೆಲ್ಲ ಒಮ್ಮೆಲೇ ಹೊಡೆಯುವುದಿಲ್ಲ. ಅಂಚಿನ ಒಂದು ಸಾಲಿಗೆ ಹೊಡೆದು ನಾಲ್ಕು ದಿನ ಕಾಯುತ್ತಾರೆ. ಹುಳ ಸತ್ತಿತೇ, ಎಲೆ ಸುಟ್ಟಿತೇ ಎಂದು ನೋಡುತ್ತಾರೆ. ನೋಡಿದ್ದನ್ನು ಪಕ್ಕದ ತೋಟದವರಿಗೂ ಹೇಳುತ್ತಾರೆ. ಸಾಲು ನೋಡಿಯೂ ಬಾಯಿ ಬಿಡದವನನ್ನು ಆಮೇಲೆ ಯಾರೂ ಮಾತಾಡಿಸುವುದಿಲ್ಲ. ಅಕ್ಕ ಆ ನಂಬಿಕೆಯಿಂದ ಸಹಿ ಹಾಕಿದಳು. ಅದೇ ನಂಬಿಕೆಯಿಂದ ಕಾದಳು.

ತಪ್ಪಾದದ್ದು ಅಲ್ಲೇ. ಆರು ವಾರದೊಳಗೆ ಕೀಮೋ ಶುರುವಾಗಬೇಕೆಂದು ವೈದ್ಯರು ಹೇಳಿ ಕಳಿಸಿದ್ದರು. ಅಕ್ಕ ಹೊರಡಲಿಲ್ಲ. “ಸಾಲು ನೋಡದನ ತ್ವಾಟಕ್ಕ ಹೊಡಿತಾರೇನು?” ಅಂದಳು. ನಾನು ಗದರಿದರೆ ಅವಳ ಉತ್ತರ ಇದು: “ಯಾವುದಕ್ಕ ಸಾಯ್ತೈತೋ ಅದನ್ನ ಕೊಡ್ತಾರ ಅಂತ ನೀನೇ ಹೇಳಿದ್ದಲ್ಲೋ. ಬರ್ಲಿ ತಡಿ.” ನಾನು ವಾರಕ್ಕೊಮ್ಮೆ ಪಲ್ಲವಿಗೆ ಫೋನ್ ಮಾಡಿದೆ. “ಸರ್, ನಮಗೂ ಹೇಳಂಗಿಲ್ಲರಿ, ಮ್ಯಾಲಿನವ್ರನ್ನ ಕೇಳ್ರಿ” ಎನ್ನುತ್ತಿದ್ದಳು. ಮೇಲಿನವರು ಒಮ್ಮೆಯೂ ಫೋನ್ ಎತ್ತಲಿಲ್ಲ. ಕೊನೆಗೆ ಯುಗಾದಿ ಮುಗಿದ ಮೇಲೆ, ಹನ್ನೊಂದನೇ ವಾರದಲ್ಲಿ, ಅಕ್ಕನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಹೋದೆ. ವೈದ್ಯರು ಎಲ್ಲರಿಗೂ ಕೊಡುವ ಔಷಧವನ್ನೇ ಕೊಟ್ಟರು. ಬೇರೇನು ಕೊಡಬೇಕೆಂದು ಅವರಿಗೆ ಯಾರು ಹೇಳಿದ್ದರು? ಆರು ಸುತ್ತು ಮುಗಿಯುವ ಹೊತ್ತಿಗೆ ಅಕ್ಕನ ಬೆರಳುಗಳು ಜೋಮು ಹಿಡಿದವು. ಬಾಳೆಗೆ ಆಸರೆಯ ಕೋಲು ನಿಲ್ಲಿಸಿ ಹಗ್ಗ ಬಿಗಿಯುವ ಕೈಗೆ ಈಗ ಸೀರೆಯ ಗಂಟೂ ಸಿಗುವುದಿಲ್ಲ. ಸ್ಕ್ಯಾನ್ ಮಾಡಿಸಿದೆವು. ಯಕೃತ್ತಿನಲ್ಲಿ ಎರಡು ಹೊಸ ಗಡ್ಡೆ.

ಅದೇ ವಾರ ನನ್ನ ಮಾಹಿತಿ ಹಕ್ಕು ಅರ್ಜಿಗೆ ನಿಮ್ಮ ಉತ್ತರ ಬಂತು. ‘ಮಾದರಿ ಸಂಖ್ಯೆ 41ರ ಮೇಲೆ ಒಂಬತ್ತು ಔಷಧಗಳ ಪರೀಕ್ಷೆ ಫೆಬ್ರುವರಿ 17ರಂದು ಪೂರ್ಣಗೊಂಡಿದೆ. ಫಲಿತಾಂಶವು ಸಂಶೋಧನೆಯ ಬಳಕೆಗೆ ಮಾತ್ರ. ಒಪ್ಪಿಗೆ ಪತ್ರದ ಏಳನೇ ಪುಟ ನೋಡುವುದು.’ ನೋಡಿದೆ. ಫಲಿತಾಂಶವನ್ನು ರೋಗಿಗಾಗಲಿ ವೈದ್ಯರಿಗಾಗಲಿ ಕೊಡುವುದಿಲ್ಲ ಎಂದು ಇಂಗ್ಲಿಷಿನಲ್ಲಿತ್ತು. ಕ್ಯಾಲೆಂಡರನ್ನೂ ನೋಡಿದೆ. ಫೆಬ್ರುವರಿ ಹದಿನೇಳು ಎಂದರೆ ಶಸ್ತ್ರಚಿಕಿತ್ಸೆಯಾಗಿ ಬರೀ ನಾಲ್ಕು ವಾರ. ಅಕ್ಕ ಅಂಗಳದಲ್ಲಿ ಕೂತು ನಿಮ್ಮ ಸುದ್ದಿಗೆ ಕಾಯುತ್ತಿದ್ದಾಗ, ಆ ಸುದ್ದಿ ನಿಮ್ಮ ಕಡತದಲ್ಲಿ ಕೂತು ಯಾರಿಗೆ ಕಾಯುತ್ತಿತ್ತು?

ಈ ಪರೀಕ್ಷೆ ಇನ್ನೂ ಪೂರ್ತಿ ಸಾಬೀತಾಗಿಲ್ಲ ಎನ್ನುತ್ತೀರಿ. ಒಪ್ಪಿದೆ. ನಾನೂ ಓದಿಕೊಂಡಿದ್ದೇನೆ. ತಟ್ಟೆಯಲ್ಲಿ ಬೆಳೆದ ಉಂಡೆಗೆ ರಕ್ತನಾಳವಿಲ್ಲ, ಸುತ್ತ ದೇಹವಿಲ್ಲ. ಅಲ್ಲಿ ಗೆದ್ದ ಔಷಧ ಮೈಯೊಳಗೆ ಸೋಲಬಹುದು. ಹಾಗಾದರೆ ಆ ಅನುಮಾನವನ್ನೂ ಬರೆದೇ ಕೊಡಿ. ಅನುಮಾನವನ್ನು ತೂಗಿ ನೋಡುವುದೇ ವೈದ್ಯರ ಕಸುಬು. ಫಲಿತಾಂಶ ಕೇಳಿದಾಗ ಹುಟ್ಟುವ ನಿಮ್ಮ ಈ ವೈಜ್ಞಾನಿಕ ಸಂಕೋಚ, ಕರಪತ್ರ ಅಚ್ಚು ಹಾಕಿಸುವ ದಿನ ರಜೆಯಲ್ಲಿತ್ತೇ?

ಇದೇನೂ ಹೊಸದಲ್ಲ. ಸಂಡೂರಿನ ಬೆಟ್ಟಗಳಿಂದ ಅದಿರಿನ ಲಾರಿಗಳು ಎಡೆಬಿಡದೆ ಇಳಿಯುತ್ತಿದ್ದ ವರ್ಷಗಳಲ್ಲಿ ನಾನು ದೋಣಿಮಲೈ ಕಡೆಯ ಶಾಲೆಯೊಂದರಲ್ಲಿದ್ದೆ. ಒಂದು ತಂಡ ಬಂದು ಮಕ್ಕಳಿಂದ ಕೊಳವೆಗೆ ಉಸಿರು ಊದಿಸಿ ಬರೆದುಕೊಂಡು ಹೋಯಿತು. ಇನ್ನೊಂದು ತಂಡ ಬಾಟಲಿಯಲ್ಲಿ ಬಾವಿಯ ನೀರು ತುಂಬಿಕೊಂಡು ಹೋಯಿತು. ಅಂದು ಊದಿದ ಮಕ್ಕಳ ಮಕ್ಕಳು ಈಗ ಅದೇ ಶಾಲೆಗೆ ಹೋಗುತ್ತಿದ್ದಾರೆ. ವರದಿ ಬಂದಿಲ್ಲ. ನಮ್ಮ ಉಸಿರು ಒಯ್ದಿರಿ, ನೀರು ಒಯ್ದಿರಿ, ಈಗ ಗಡ್ಡೆಯನ್ನೂ ಒಯ್ದಿರಿ. ಕೊಡುವವರಷ್ಟೇ ನಾವು, ತಿಳಿಯುವವರಲ್ಲವೇ?

ಬರುವ ಶುಕ್ರವಾರ ವೈದ್ಯರು ಅಕ್ಕನಿಗೆ ಎರಡನೇ ಔಷಧವನ್ನು ಆರಿಸುತ್ತಾರೆ. ಗುರುವಾರ ಸಂಜೆಯೊಳಗೆ ಮಾದರಿ 41ರ ಫಲಿತಾಂಶ ಅವರ ಮೇಜಿನ ಮೇಲಿರಬೇಕು. ನಲವತ್ತೊಂದು ಎಂದರೆ ಮೊದಲು ನಲವತ್ತು ಮಂದಿ ಕೊಟ್ಟಿದ್ದಾರೆ. ಕಂಪ್ಲಿಯಲ್ಲೋ ಹೊಸಪೇಟೆಯಲ್ಲೋ ಅವರೂ ಕಾಯುತ್ತಿರಬಹುದು. ಅವರ ವೈದ್ಯರಿಗೂ ಕಳಿಸಿ. ಏಳನೇ ಪುಟವನ್ನು ಹರಿದು, ಫಲಿತಾಂಶ ಕೊಡುತ್ತೀರೋ ಇಲ್ಲವೋ ಎಂಬುದನ್ನು ಕನ್ನಡದಲ್ಲಿ, ಮೊದಲನೇ ಪುಟದಲ್ಲೇ ಅಚ್ಚು ಹಾಕಿಸಿ.

ಈ ಪತ್ರವನ್ನು ಅಕ್ಕನಿಗೆ ಓದಿ ಹೇಳಿದೆ. ಅವಳು ಅಂದದ್ದು ಇಷ್ಟು: “ಭಾಳ ಬೈದೀಯಪ್ಪ. ಬೈಸ್ಕೊಂಡವ್ರು ಕೊಡ್ತಾರೇನು? ಒಂದು ಮಾತು ಸೇರ್ಸು. ಒಂಬತ್ತರಾಗ ಯಾವುದಕ್ಕೂ ಸಾಯ್ಲಿಲ್ಲಂದ್ರ ಅದನ್ನೂ ಹೇಳ್ರಿ ಅಂತ ಬರಿ. ಸುಮ್ನ ಎಣ್ಣಿ ಹೊಡಿಸ್ಕೊಳ್ಳೋದರ ತಪ್ಪತೈತಿ. ಶ್ರಾವಣಕ್ಕ ಗೊನಿ ಕಡಿಯೋದೈತಿ, ಅಷ್ಟರಾಗ ಕೈ ಬಂದ್ರ ಸಾಕು.”

ಸೇರಿಸಿದ್ದೇನೆ. ಬೈಗುಳವೆಲ್ಲ ನನ್ನದು, ಈ ಕೊನೆಯ ಮಾತು ಅವಳದು. ನನಗೆ ಬೇಡ, ಅವಳಿಗೆ ಉತ್ತರ ಕೊಡಿ.

ಇಂತಿ,
ಬಾಳೆ ಸಸಿಯ ಉದಾಹರಣೆ ಕೊಟ್ಟು ಅಕ್ಕನನ್ನು ಹನ್ನೊಂದು ವಾರ ಕಾಯಿಸಿದ
ಅಂಜಿನೇಯ
ನಿವೃತ್ತ ವಿಜ್ಞಾನ ಶಿಕ್ಷಕ, ಗಾದಿಗನೂರು