ಅರ್ಧ ಕೆಂಪು, ಅರ್ಧ ಬಿಳಿ

ಸೋಮವಾರ, 14 ಜುಲೈ 2025

ಹೂ ಕದಿಯುವವರು ಕದಿಯದೆ ಹೋದರೆಂದು ನಿದ್ದೆಗೆಟ್ಟು ಕೂತಿರುವ ಹೆಂಗಸು ಬಸವೇಶ್ವರನಗರದಲ್ಲಿ ನಾನೊಬ್ಬಳೇ ಇರಬೇಕು.

ಬೆಳಿಗ್ಗೆ ನಮ್ಮ ದಾಸವಾಳದ ಗಿಡದಲ್ಲಿ ವಿಚಿತ್ರ ಹೂವೊಂದು ಅರಳಿತ್ತು. ಒಂದು ಮಗ್ಗುಲು ಕುಂಕುಮ, ಇನ್ನೊಂದು ಮಗ್ಗುಲು ವಿಭೂತಿ. ಸಾಕ್ಷಾತ್ ಅರ್ಧನಾರೀಶ್ವರ! ಎದುರು ಮನೆಯ ಸಿದ್ದಬಸಪ್ಪನವರು ದಿನಾ ವಾಕಿಂಗ್ ನೆಪದಲ್ಲಿ ಕೊಕ್ಕೆ ಕೋಲು, ಪ್ಲಾಸ್ಟಿಕ್ ಕವರು ಹಿಡಿದು ಬಂದು, ನಮ್ಮ ಕಾಂಪೌಂಡಿನ ಹೂಗಳಲ್ಲೇ ತಮ್ಮ ಪೂಜೆ ಮುಗಿಸುವವರು. ಇದೊಂದನ್ನು ಮಾತ್ರ ಬಿಟ್ಟುಕೊಡಬಾರದೆಂದು ಹಲ್ಲೂ ಉಜ್ಜದೆ ಗೇಟಿನ ಹತ್ತಿರ ಕಾವಲು ನಿಂತೆ.

ಬಂದರು. ಕೊಕ್ಕೆ ಎತ್ತಿದರು. ಹೂವನ್ನು ನೋಡಿ ಮುಖ ಕಿವುಚಿದರು.

"ಏನಮ್ಮಾ ಇದು, ಅರ್ಧ ಬಣ್ಣನೇ ಹೋಗಿದೆ? ಗಿಡಕ್ಕೆ ರೋಗ ಬಂದಿದೆ ಕಣಮ್ಮ. ಇಂಥದ್ದು ದೇವರಿಗೆ ಆಗಲ್ಲ. ಬೇವಿನೆಣ್ಣೆ ಹೊಡಿ."

ಮಿಕ್ಕ ಹೂಗಳನ್ನೆಲ್ಲ ನನ್ನ ಕಣ್ಣೆದುರೇ ಕಿತ್ತುಕೊಂಡು ಹೋದರು.

ಆ ಹೂವನ್ನು ನಾನೇ ಲಿಂಗಕ್ಕೆ ಏರಿಸಿದೆ. ಶಿವ ಏನೂ ಅನ್ನಲಿಲ್ಲ. ಆದರೂ ಹೊಟ್ಟೆಯುರಿ ಇಳಿಯಲಿಲ್ಲ. ಊಟಕ್ಕೆ ಕೂತಾಗಲೂ ಅದನ್ನೇ ಗೊಣಗುತ್ತಿದ್ದೆ. ನಮ್ಮವರು ನಕ್ಕರು: "ಕಿತ್ರೂ ಬೈತೀಯ, ಬಿಟ್ರೂ ಬೈತೀಯ. ಆ ಮನುಷ್ಯ ಏನ್ ಮಾಡ್ಬೇಕು ಹೇಳು?"

ರೋಗವಂತೆ! ನನ್ನ ಗಿಡಕ್ಕೆ!

ಈಗಷ್ಟೇ ಟಾರ್ಚ್ ಹಿಡಿದು ನೋಡಿಬಂದೆ. ಅದೇ ರೆಂಬೆಯಲ್ಲಿ ಇನ್ನೊಂದು ಮೊಗ್ಗಿದೆ, ಅದರಲ್ಲೂ ಎರಡು ಬಣ್ಣ ಇಣುಕುತ್ತಿದೆ. ನಾಳೆಯೂ ಗೇಟಿನ ಹತ್ತಿರ ನಿಲ್ಲುತ್ತೇನೆ. ಅದನ್ನು ಕಿತ್ತು ಕವರಿಗೆ ಹಾಕಿಕೊಳ್ಳುವವರೆಗೂ ಸಿದ್ದಬಸಪ್ಪನವರನ್ನು ಅಲ್ಲಿಂದ ಕದಲಲು ಬಿಡುವುದಿಲ್ಲ.