ಸರದಿ ಇಲ್ಲದ ಉದ್ಯಾನದಲ್ಲಿ ಸಿಕ್ಕಿಬಿದ್ದ ಮೂವರು

ಮಾನ್ಯ ಪ್ರಧಾನ ವ್ಯವಸ್ಥಾಪಕರೇ,

ನಿಮ್ಮ ಮನರಂಜನಾ ಉದ್ಯಾನದ ಹೆಬ್ಬಾಗಿಲಿಗೆ ಈಗ ‘ಇನ್ನು ಸರದಿಯಲ್ಲಿ ನಿಲ್ಲಬೇಕಾಗಿಲ್ಲ’ ಎಂಬ ಹೊಸ ಫಲಕ ಬಂದಿದೆ. ಬಹಳ ಸತ್ಯ. ಕಳೆದ ತಿಂಗಳು ನಾವು ಮೂವರು ಆ ಫಲಕ ದಾಟಿ ಒಳಗೆ ಬಂದು ಆರು ಗಂಟೆ ಕಳೆದೆವು, ಒಮ್ಮೆಯೂ ಸರದಿಯಲ್ಲಿ ನಿಲ್ಲಲಿಲ್ಲ. ಒಂದೇ ಒಂದು ಆಟದಲ್ಲೂ ಕೂರಲಿಲ್ಲ. ಆಟಗಳನ್ನು ಮೊಬೈಲಿನಲ್ಲೇ ಕಾಯ್ದಿರಿಸಬೇಕೆಂಬ ನಿಮ್ಮ ಹೊಸ ಪದ್ಧತಿ ನನ್ನ ಮಗಳಿಂದ ಒಂದು ದಿನವನ್ನು ಕಿತ್ತುಕೊಂಡಿದೆ. ಈ ಬಗ್ಗೆ ನಾನು ನಿಮ್ಮ ಕಚೇರಿಗೆ ಬರೆದ ಮೂರು ಪತ್ರಗಳಿಗೂ ‘ನಿಮ್ಮ ಅನಿಸಿಕೆ ನಮಗೆ ಅಮೂಲ್ಯ’ ಎಂಬ ಒಂದೇ ಉತ್ತರ ಮೂರು ಸಲ ಬಂತು. ಆದ್ದರಿಂದ ನಾಲ್ಕನೆಯದನ್ನು ಊರೆಲ್ಲ ಓದಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ನಾನು ಆಸಿಯಾ. ಮನೆ ಕಲ್ಲುಗುಂಡಿಯಲ್ಲಿ, ಕೆಲಸ ಸುಳ್ಯದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವುದು. ನನ್ನ ಗಂಡ ನಿಝಾಮ್ ಸೌದಿಯ ಜುಬೈಲಿನಲ್ಲಿ ಸ್ಟೋರ್ ಕೀಪರ್. ಅವರಿಗೆ ಎರಡು ವರ್ಷಕ್ಕೊಮ್ಮೆ ಮೂವತ್ತು ದಿನ ರಜೆ. ಆ ಮೂವತ್ತು ದಿನಕ್ಕೆ ಹಕ್ಕುದಾರರು ಎಷ್ಟು ಜನ ಎಂದು ಗಲ್ಫ್ ಮನೆಯವರನ್ನು ಕೇಳಿ ನೋಡಿ. ಮದುವೆ, ಮರಣದ ಮನೆ, ತಾಯಿಯ ಕಣ್ಣಿನ ಆಸ್ಪತ್ರೆ, ಸೋರುವ ಟೆರೇಸು, ನೋಡದೆ ಹೋದರೆ ಮುನಿಸಿಕೊಳ್ಳುವ ಹದಿನಾಲ್ಕು ಮನೆಯ ನೆಂಟರು. ಇಷ್ಟೆಲ್ಲ ಮುಗಿದು ಮಗಳು ಆಯಿಶತ್ ಶಿಫಾಳ ಪಾಲಿಗೆ ಉಳಿಯುವುದು ಒಂದು ದಿನ.

ಎರಡು ವರ್ಷದ ಹಿಂದೆ ಆ ಒಂದು ದಿನ ನಿಮ್ಮಲ್ಲಿಗೇ ಬಂದಿದ್ದೆವು. ಎತ್ತರದಿಂದ ನೀರಿಗೆ ಜಾರುವ ಆ ದೊಡ್ಡ ದೋಣಿ ಇದೆಯಲ್ಲ, ಅದರ ಸರದಿಯಲ್ಲಿ ಒಂದು ಗಂಟೆ ನಿಂತಿದ್ದೆವು. ಹತ್ತಿರ ಬಂದಾಗ ಅಳತೆಯ ಹಲಗೆಗೆ ಒರಗಿಸಿ ನೋಡಿದರೆ ಒಂಬತ್ತು ವರ್ಷದ ಶಿಫಾ ಎರಡು ಬೆರಳು ಗಿಡ್ಡ. ಅಳು ಬಂದೇಬಿಟ್ಟಿತ್ತು. ಆಗ ನಿಮ್ಮ ಸಿಬ್ಬಂದಿಯೊಬ್ಬರು ಬಗ್ಗಿ, “ಮುಂದಿನ್ ಸಲ ಬಾ ಪುಟ್ಟಿ, ಮುಂದಿನ ಸೀಟಲ್ಲೇ ಕೂರಿಸ್ತೀನಿ” ಅಂದರು. ನಿಝಾಮ್ ಕೂಡ, “ಮುಂದಿನ ರಜೆಯಲ್ಲಿ ನಾವಿಬ್ಬರೇ ಹೋಗುದು” ಎಂದು ಮಾತು ಕೊಟ್ಟರು. ಅಂದಿನಿಂದ ಪ್ರತಿ ಶುಕ್ರವಾರದ ವಿಡಿಯೋ ಕಾಲಿನಲ್ಲಿ ಅವಳು ಬಾಗಿಲ ದಾರಂದಕ್ಕೆ ಬೆನ್ನು ಹಚ್ಚಿ ನಿಂತು ಎತ್ತರ ಒಪ್ಪಿಸುತ್ತಿದ್ದಳು. ಈ ಸಲ ಅವಳಿಗೆ ಹನ್ನೊಂದು. ಮುಂದಿನ ರಜೆಗೆ ಹದಿಮೂರು. ಎಂಟನೇ ತರಗತಿಯ ಮಕ್ಕಳಿಗೆ ದಿನಾ ಪಾಠ ಮಾಡುವವಳು ನಾನು. ಆ ಪ್ರಾಯದ ಹುಡುಗಿಯರು ಅಪ್ಪನ ಜೊತೆ ದೋಣಿಯಲ್ಲಿ ಕೂರಲು ಆಸೆಪಡುವುದಿಲ್ಲ. ಅಂದರೆ ಈ ರಜೆಯೇ ಆಗಬೇಕಿತ್ತು.

ಇನ್ನು ನಮ್ಮ ತಪ್ಪು. ಅದನ್ನು ನಾನೇ ಹೇಳಿಬಿಡುತ್ತೇನೆ, ನೀವು ಹುಡುಕುವ ಶ್ರಮ ಬೇಡ.

ನಮ್ಮ ಕಡೆಯ ಅನೇಕರು ಗಲ್ಫಿನಿಂದ ರಜೆಗೆ ಬಂದಾಗ ಕೈಗಡಿಯಾರಕ್ಕೆ ಊರಿನ ಸಮಯ ಇಡುತ್ತಾರೆ, ಫೋನನ್ನು ಅಲ್ಲಿನ ಸಮಯದಲ್ಲೇ ಬಿಡುತ್ತಾರೆ. ರಜೆಯಲ್ಲೂ ಕಂಪೆನಿಯ ಕರೆ ತಪ್ಪುವುದಿಲ್ಲ, ‘ಹನ್ನೊಂದು ಗಂಟೆಗೆ ಫೈಲ್ ಕಳಿಸು’ ಅಂದರೆ ಅದು ಅಲ್ಲಿನ ಹನ್ನೊಂದು. ಅಲ್ಲಿಗಿಂತ ನಾವು ಎರಡೂವರೆ ಗಂಟೆ ಮುಂದೆ. ನಿಮ್ಮ ಟಿಕೆಟನ್ನು ನಿಝಾಮ್ ಜುಬೈಲಿನಿಂದಲೇ ಎರಡು ತಿಂಗಳ ಮುಂಚೆ ತೆಗೆದಿದ್ದರು. ಟಿಕೆಟ್ ತೆಗೆದ ಫೋನಿನಲ್ಲೇ ಆಟ ಕಾಯ್ದಿರಿಸಬೇಕು, ಬೇರೆ ಫೋನ್ ಆಗದು ಎಂಬ ನಿಯಮ ನಮಗೆ ತಿಳಿದದ್ದು ನಿಮ್ಮ ಬಾಗಿಲಲ್ಲಿ.

ಬೆಳಗಿನ ಜಾವದ ಸುಬುಹಿ ನಮಾಝ್ ಮುಗಿಸಿ ಹೊರಟವರು ಘಟ್ಟ ಹತ್ತಿ, ಲಾರಿಗಳ ಹಿಂದೆ ತೆವಳಿ, ಹತ್ತೂಕಾಲಕ್ಕೆ ಒಳಗೆ ಬಂದೆವು. ನಿಝಾಮ್ ಆ್ಯಪ್ ತೆರೆದವರೇ ನಕ್ಕರು. “ನೋಡು ಮಾರಾಯ್ತಿ, ಗಂಟೆ ಹತ್ತು ಕಳೀತು, ಇವರು ಇನ್ನೂ ಎಂಟು ಗಂಟೆಯ ದೋಣಿ ತೋರಿಸುದು! ಹನ್ನೊಂದೂವರೆದು ಖಾಲಿ ಉಂಟು, ಒತ್ತಲಾ?” ನಾನೂ ನಕ್ಕು ಒತ್ತಿ ಅಂದೆ. ಕನ್ನಡ ಟೀಚರಿಗೆ ಅಷ್ಟು ಬುದ್ಧಿ ಸಾಕೆಂದು ದೇವರು ಇಟ್ಟಿರಬೇಕು.

ಹನ್ನೊಂದೂವರೆಗೆ ಫೋನ್ ಹಿಡಿದರೆ ದೋಣಿಯ ಬಾಗಿಲಿನ ಯಂತ್ರ ಕೆಂಪು ದೀಪ ತೋರಿಸಿ ಕೂಗಿತು. ಅಲ್ಲಿದ್ದ ಯುವತಿ ಪರದೆ ನೋಡಿ, “ಸರ್, ನಿಮ್ದು ಎರಡು ಗಂಟೆಗೆ” ಅಂದಳು. ನಿಝಾಮ್ ಫೋನ್ ತೋರಿಸಿದರು: ಹನ್ನೊಂದೂವರೆ ಎಂದೇ ಇದೆ. ಮೇಲೆ ಮೂಲೆಯಲ್ಲಿ ಫೋನಿನ ಗಡಿಯಾರ ಮಾತ್ರ ಒಂಬತ್ತು ತೋರಿಸುತ್ತಿತ್ತು. ಆಗ ಅವರಿಗೆ ಗೊತ್ತಾಯಿತು. ನಿಮ್ಮ ಆ್ಯಪ್ ದೋಣಿಯ ಸಮಯವನ್ನು ಉದ್ಯಾನದ ಗಡಿಯಾರದಿಂದ ಕೊಡುವುದಿಲ್ಲ, ಆ್ಯಪ್ ತೆರೆದವರ ಫೋನು ಯಾವ ದೇಶದ ಸಮಯ ನಂಬಿದೆಯೋ ಅದರಿಂದ ಕೊಡುತ್ತದೆ. ಮಾನ್ಯರೇ, ನಿಮ್ಮ ದೋಣಿ ನಿಂತ ಜಾಗ ಬಿಟ್ಟು ಎಲ್ಲಿಗಾದರೂ ಹೋಗುತ್ತದೆಯೇ? ಅದು ಜುಬೈಲಿನಿಂದ ಹೊರಡುತ್ತದೆಯೇ?

ಇಷ್ಟರವರೆಗಿನದು ನಮ್ಮ ತಪ್ಪು ಎಂದೇ ಇಟ್ಟುಕೊಳ್ಳಿ. ಇಲ್ಲಿಂದ ಮುಂದಿನದು ನಿಮ್ಮದು. ಒಂದು ಆಟ ಕಾಯ್ದಿರಿಸಿದವರು ಅದು ಮುಗಿಯುವ ತನಕ ಇನ್ನೊಂದನ್ನು ಕಾಯ್ದಿರಿಸುವಂತಿಲ್ಲ. ರದ್ದು ಮಾಡಿದರೆ ಮೂರು ಗಂಟೆ ಯಾವುದೂ ಸಿಗದು. ಹೊರಗೆ ಹೋಗಿ ಊಟ ಮಾಡಿ ಬರೋಣವೆಂದರೆ ಮರುಪ್ರವೇಶ ಇಲ್ಲ. ಹಾಗಾಗಿ ನಾವು ದೋಣಿಯ ಎದುರಿನ ಕಲ್ಲುಬೆಂಚಿನಲ್ಲಿ ಕೂತೆವು. ನಮ್ಮ ಕಣ್ಣೆದುರೇ ಎಂಟು ಜನರ ದೋಣಿ ಮೂವರನ್ನು ಹೊತ್ತು ಹೋಯಿತು, ಮತ್ತೊಂದು ಐವರನ್ನು. ಒಂದು ದೋಣಿ ಪೂರ್ತಿ ಖಾಲಿ ಜಾರಿ ನೀರು ಚಿಮ್ಮಿಸಿತು. ಕಾಯ್ದಿರಿಸಿದವರು ಬರಲಿಲ್ಲವಂತೆ, ಬಾರದವರ ಸೀಟಿನಲ್ಲಿ ಎದುರಿಗೆ ಕೂತವರನ್ನು ಕೂರಿಸಲು ನಿಯಮ ಇಲ್ಲವಂತೆ. “ಮೇಡಂ, ನಂಗೂ ಕೂರಿಸ್ಬೇಕು ಅಂತ್ಲೇ ಇದೆ, ಸಿಸ್ಟಂ ತಗೊಳಲ್ಲ” ಎಂದು ಆ ಯುವತಿ ನಿಜವಾಗಿಯೂ ಬೇಸರದಿಂದ ಹೇಳಿದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳೂ ನಮ್ಮ ಹಾಗೆಯೇ ಒಳಗೆ ಸಿಕ್ಕಿಕೊಂಡವಳು, ಸಂಬಳ ಬರುತ್ತದೆ ಎಂಬುದಷ್ಟೇ ವ್ಯತ್ಯಾಸ.

ನಿಝಾಮ್ ಫೋನಿನ ಸಮಯ ಸರಿಪಡಿಸಿದರು. ಮತ್ತೆ ಮತ್ತೆ ಆ್ಯಪ್ ತೆರೆದು ಮುಚ್ಚಿದರು. “ತಪ್ಪು ನಂದೇ, ನಂದೇ” ಎಂದು ಮಗಳ ಮುಖ ನೋಡದೆ ಹೇಳುತ್ತಿದ್ದರು. ನಲವತ್ತು ಜನರ ಕೈಗೆ ಹೋಗುವ ಸರಕನ್ನು ಎಣಿಸಿ ಇಡುವ ಮನುಷ್ಯ ಒಂದು ಮಗುವಿನ ಎದುರು ಅಷ್ಟು ಸಣ್ಣಗಾಗಿದ್ದನ್ನು ನಾನು ಹಿಂದೆ ನೋಡಿರಲಿಲ್ಲ. ನನಗೆ ಅಳು ಬಂತು, ಮುಚ್ಚಿಟ್ಟು ಹೇಳುವುದೇನಿದೆ.

ಎರಡಕ್ಕೆ ಹತ್ತು ನಿಮಿಷ ಇರುವಾಗ ಗುಡುಗಿತು. ದೋಣಿ ನಿಲ್ಲಿಸಿದರು. ಅದು ಸರಿಯೇ, ಸಿಡಿಲಿಗೆ ಯಾರು ಹೊಣೆ? ಎರಡೂ ಮುಕ್ಕಾಲಿಗೆ ಮತ್ತೆ ಶುರುವಾಯಿತು. ನಾವು ಓಡಿದೆವು. ಮತ್ತೆ ಕೆಂಪು ದೀಪ. ಎರಡು ಗಂಟೆಯವರ ಕಾಯ್ದಿರಿಸುವಿಕೆಯನ್ನೆಲ್ಲ ನಿಮ್ಮ ಸಿಸ್ಟಂ ತಾನಾಗಿಯೇ ‘ಇನ್ನೊಂದು ದಿನದ ಪಾಸ್’ ಆಗಿ ಬದಲಿಸಿತ್ತು. ಮೂವತ್ತು ದಿನ ಸಿಂಧು, ಟಿಕೆಟ್ ತೆಗೆದವರೇ ಬರಬೇಕು. ನಿಝಾಮರ ವಿಮಾನ ಮೂರನೇ ದಿನಕ್ಕಿತ್ತು. ಸರಿ, ಬೇರೆ ಯಾವುದಾದರೂ ಆಟ ಒತ್ತೋಣವೆಂದರೆ, ‘ನಿಮ್ಮ ಒಂದು ಸವಾರಿ ಬಾಕಿ ಇದೆ’ ಎಂದು ಅದೂ ಬಂದ್. ಯಾರೂ ಬೇಕೆಂದು ಕೇಳದ ಆ ಪಾಸ್ ನಮ್ಮ ಕಾಲಿಗೆ ಕಟ್ಟಿದ ಗುಂಡುಕಲ್ಲಾಯಿತು. ನಾಲ್ಕೂಕಾಲಕ್ಕೆ ಹೊರಟೆವು. ಬದಲಿಸಲೆಂದು ಶಿಫಾ ತಂದ ಬಟ್ಟೆ ಇಸ್ತ್ರಿ ಮಡಿಕೆಯಲ್ಲೇ ಇತ್ತು.

ಹೊರಬಾಗಿಲು ಕೂಡ ತೆರೆಯಲಿಲ್ಲ, ಗೊತ್ತೇ ನಿಮಗೆ? ಸವಾರಿ ಬಾಕಿ ಇರುವವರನ್ನು ಅದು ಬಿಡುವುದಿಲ್ಲವಂತೆ. ಕೊನೆಗೆ ಕಾವಲಿನ ಹಿರಿಯರೊಬ್ಬರು ಸುತ್ತ ನೋಡಿ ಪಕ್ಕದ ಹಗ್ಗ ಬಿಚ್ಚಿ, “ಹೋಗ್ರಮ್ಮ ಹೋಗ್ರಿ” ಅಂದರು. ಒಬ್ಬ ಮನುಷ್ಯ ಯೋಚಿಸಿ ಮಾಡಿದ ಕೆಲಸ ಆ ದಿನ ನಾನು ಕಂಡದ್ದು ಅದೊಂದೇ.

ಶಾಲೆಯಲ್ಲಿ ಈ ಕಥೆ ಹೇಳಿದಾಗ ನಮ್ಮ ಬೋಜಪ್ಪ ಮಾಸ್ಟ್ರು, “ಎಂತ ಟೀಚರೇ, ಫೋನಿನ ಟೈಮ್ ಸರಿ ಇಟ್ಟಿದ್ರೆ ಮುಗೀತಿತ್ತಲ್ಲ?” ಅಂದರು. ನೀವೂ ಅದನ್ನೇ ಹೇಳುವಿರಿ. ಹೌದು, ಮುಗಿಯುತ್ತಿತ್ತು. ಆದರೆ ಹಳೆಯ ಸರದಿಯಲ್ಲಿ ತಪ್ಪು ಮಾಡಿದವನು ಹಿಂದೆ ಹೋಗಿ ಮತ್ತೆ ನಿಲ್ಲಬಹುದಿತ್ತು. ಹೊಸದರಲ್ಲಿ ನಿಲ್ಲಲು ಹಿಂದೆಂಬುದೇ ಇಲ್ಲ. ಎರಡೂವರೆ ಗಂಟೆಯ ತಪ್ಪಿಗೆ ಎರಡು ವರ್ಷದ ಶಿಕ್ಷೆ ಕೊಡುವ ಪದ್ಧತಿಯನ್ನು ಸುಧಾರಣೆ ಎಂದು ಯಾವ ಬಾಯಲ್ಲಿ ಕರೆಯುತ್ತೀರಿ?

ನನಗೆ ಟಿಕೆಟಿನ ಹಣ ಬೇಡ, ಕ್ಷಮಾಪಣೆಯ ಕಾರ್ಡೂ ಬೇಡ. ಪ್ರತಿ ಆಟದ ಪಕ್ಕ ಒಂದು ಹಗ್ಗ ಕಟ್ಟಿ, ಬಂದು ನಿಂತವರಿಗೆ ಒಂದು ಸಾಲು ಬಿಡಿ. ಖಾಲಿ ಹೋಗುವ ಸೀಟಿಗೆ ಆ ಸಾಲಿನವರನ್ನು ಕೂರಿಸುವ ಅಧಿಕಾರವನ್ನು ಅಲ್ಲೇ ನಿಂತ ಆ ಯುವತಿಗೆ ಕೊಡಿ. ಮುಂದಿನ ಶಾಲಾ ರಜೆಯೊಳಗೆ ಇದಾಗಬೇಕು. ಆಗಲೂ ಯಾವುದೋ ಒಂದು ಮನೆಗೆ ಒಂದೇ ದಿನ ಇರುತ್ತದೆ.

ನಮ್ಮ ಪಾಸ್ ಈ ಭಾನುವಾರ ಮುಗಿಯುತ್ತದೆ. ‘ನಿಮ್ಮ ದೋಣಿ ನಿಮಗಾಗಿ ಕಾಯುತ್ತಿದೆ’ ಎಂದು ನಿಮ್ಮ ಆ್ಯಪ್ ದಿನಾ ಬೆಳಿಗ್ಗೆ ಜುಬೈಲಿಗೆ ಸಂದೇಶ ಕಳಿಸುತ್ತದೆ, ಈಗ ಸರಿಯಾದ ಸಮಯಕ್ಕೆ. ನಾವು ಹೊರಬಾಗಿಲು ದಾಟದೆ ಹಗ್ಗದ ಕಡೆಯಿಂದ ಬಂದದ್ದರಿಂದ ಅದರ ಪ್ರಕಾರ ನಾವು ಮೂವರೂ ಇನ್ನೂ ಉದ್ಯಾನದಲ್ಲೇ ಇದ್ದೇವೆ. ಮೊನ್ನೆ ಶುಕ್ರವಾರ ನಿಝಾಮ್ ವಿಡಿಯೋ ಕಾಲಿನಲ್ಲಿ, ಮುಂದಿನ ರಜೆಯಲ್ಲಿ ಖಂಡಿತ ಹೋಗೋಣ ಅಂದರು. ನಾವು ಮನೆಯಲ್ಲಿ ಆಡುವುದು ಬ್ಯಾರಿ ಭಾಷೆ. ಮಗಳ ಉತ್ತರವನ್ನೂ ನಿಮಗಾಗಿ ಕನ್ನಡದಲ್ಲಿ ಬರೆಯುತ್ತೇನೆ. “ಬೇಡ ಉಪ್ಪಾ. ಅದಕ್ಕೆ ರಜೆಯ ದಿನ ಹಾಳು ಮಾಡುದು ಬೇಡ. ನೀವು ಮನೆಯಲ್ಲೇ ಇರಿ.” ಅವಳು ಅದನ್ನು ಪ್ರೀತಿಯಿಂದಲೇ ಹೇಳಿದಳು. ನಿಝಾಮ್, ಈಗ ನಿನ್ನ ಎತ್ತರ ಎಷ್ಟು ಎಂದು ಕೇಳಿದರು. ಅಳೆದಿಲ್ಲ ಅಂದಳು.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಇನ್ನೂ ಹೊರಗೆ ಬಾರದವಳು,
ಆಸಿಯಾ
ಕಲ್ಲುಗುಂಡಿ